ಎಂಜಿನ್ ಇತ್ತ್, ಡೇಟಾ ಇಲ್ಲೆ

ಆಟದ ಪ್ಯಾಕೇಜ್ ಮಾಡುವ ನನಗೆ ಆಟ ಆಡಲು ಪುರುಸೊತ್ತಿಲ್ಲ. ಊರವರು ನನ್ನನ್ನೇ ಆಡಿಸುತ್ತಿರುತ್ತಾರೆ.

ಕೆಲಸ ಇಷ್ಟೇ. ಒಂದು ಹಳೇ ಕಂಪ್ಯೂಟರ್ ಆಟ. ಅದನ್ನು ಓಡಿಸುವ ಎಂಜಿನ್ನನ್ನು ಯಾರೋ ಪುಣ್ಯಾತ್ಮರು ಹೊಸದಾಗಿ ಬರೆದು ಪುಕ್ಕಟೆ ಬಿಟ್ಟಿದ್ದಾರೆ. ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಬಳಸುವವರು ಸಲೀಸಾಗಿ ಹಾಕಿಕೊಳ್ಳುವಂತೆ ಅದನ್ನು ಕಟ್ಟಿಕೊಡುವವನು ತೆಕ್ಕಟ್ಟೆಯಲ್ಲಿ ಕೂತ ನಾನು. ಆಟದ ಚಿತ್ರ, ಸಂಗೀತ, ಅಂದರೆ ಡೇಟಾ ಮಾತ್ರ ಹಳೇ ಕಂಪನಿಯದ್ದು. ಅದನ್ನು ಹಂಚುವ ಹಾಗಿಲ್ಲ. ಅವರವರ ಸೀಡಿಯಿಂದ ಅವರವರೇ ಹಾಕಿಕೊಳ್ಳಬೇಕು.

ಪ್ಯಾಕಿಂಗ್

ಪಕ್ಕದ ಮನೆಯ ಅಕ್ಕ ಒಂದು ಚೀಲ ಒಣ ಚಟ್ಲಿ, ಅಂದರೆ ಸಿಗಡಿ, ಹಿಡಿದು ಬಂದರು. "ಹ್ವಾಯ್, ನೀವ್ ಮನಿಯಂಗೇ ಪ್ಯಾಕಿಂಗ್ ಮಾಡ್ತ್ರಿ ಅಂಬ್ರಲೆ? ಮಗ್ಳಿಗೆ ಬೊಂಬಾಯಿಗೆ ಕಳ್ಸುಕಿತ್ತ್."

ಲಿನಕ್ಸ್ ಎಂದರೇನು ಎಂದು ವಿವರಿಸಿದೆ. ಪೂರ್ತಿ ಕೇಳಿದರು. "ಅದೆಲ್ಲ ಇರ್ಲಿ, ವಾಸ್ನಿ ಬರ್ದಂಗೆ ಕಟ್ಟುಕೆ ಆತ್ತಾ?"

ಕಟ್ಟಿಕೊಟ್ಟೆ. ನನ್ನ ಪ್ಯಾಕೇಜುಗಳಲ್ಲಿ ದೂರು ಬಾರದ್ದು ಇವತ್ತಿಗೂ ಅದೊಂದೇ.

ಸಣ್ಣಕ್ಷರ

ಸಾಲಿಗ್ರಾಮದ ನಿವೃತ್ತ ಮೇಷ್ಟ್ರೊಬ್ಬರ ಸೀಡಿಯಲ್ಲಿ ಫೈಲುಗಳ ಹೆಸರೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದವು. ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ; ಎಂಜಿನ್ ಹುಡುಕುವುದು ಸಣ್ಣಕ್ಷರದ ಹೆಸರನ್ನು. "ಎಲ್ಲ ಸಣ್ಣಕ್ಷರ ಮಾಡಿ ಸರ್," ಎಂದು ಫೋನಿನಲ್ಲಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಅವರದೇ ಫೋನು. "ಮಾಡ್ದೆ ಮಾರಾಯ. ಈಗ ಕನ್ನಡ್ಕ ಹಾಕಿರೂ ಎಂತದೂ ಕಾಂತಿಲ್ಲೆ!"

ನಮ್ಮನೆಯಲ್ಲಿ ಓಡ್ತಿತ್ತು

ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ನನ್ನ ಪ್ಯಾಕೇಜ್ ತೋರಿಸಲು ಕರೆದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಗತ್ತಿನಲ್ಲಿ ಗುಂಡಿ ಒತ್ತಿದೆ. ಪರದೆ ಕಪ್ಪು. ಮತ್ತೊಮ್ಮೆ ಒತ್ತಿದೆ. ಇನ್ನೂ ಕಪ್ಪು. ಜೊತೆಗಿರಬೇಕಾದ ಒಂದು ಲೈಬ್ರರಿಯನ್ನು, ಅಂದರೆ ಎಂಜಿನ್ನಿಗೆ ಬೇಕಾದ ಸಹಾಯಕ ಫೈಲನ್ನು, ಸೇರಿಸಲು ಮರೆತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಅದು ಮೊದಲೇ ಇದ್ದದ್ದರಿಂದ ಗೊತ್ತೇ ಆಗಿರಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿದರು.

"ನಮ್ಮನೆಯಲ್ಲಿ ಓಡ್ತಿತ್ತು," ಎಂದೆ ಬೆವರು ಒರೆಸಿಕೊಳ್ಳುತ್ತ.

ಹಿಂದಿನ ಬೆಂಚಿನಿಂದ ಒಬ್ಬಳು: "ಹಾಂಗಾರೆ ಸರ್, ನಾವೆಲ್ಲ ನಿಮ್ಮನಿಗೇ ಬಪ್ಪ?"

ಡೇಟಾ

ಹೊಸ ಪ್ಯಾಕೇಜ್ ಪರೀಕ್ಷಿಸಲೆಂದು ಹಳೆಯದನ್ನು ಅಳಿಸುವಾಗ ಆಟದ ಡೇಟಾವನ್ನೂ ಅಳಿಸಿಬಿಟ್ಟೆ. ಸೀಡಿ ಗೀರು ಬಿದ್ದು ಓದುತ್ತಿಲ್ಲ. ತಲೆ ಮೇಲೆ ಕೈಹೊತ್ತು ಕೂತೆ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು. "ಎಂತ ಆಯ್ತ್ ಮಗಾ?"

"ಎಂಜಿನ್ ಇತ್ತ್ ಅಮ್ಮ, ಡೇಟಾ ಇಲ್ಲೆ."

ಅಮ್ಮ ಚಪ್ಪಲಿ ಮೆಟ್ಟಿ ಹೊರಟರು. ತುಸು ಹೊತ್ತಿಗೆ ನನ್ನ ಮೊಬೈಲ್ 'ಟಿಂಗ್' ಎಂದಿತು: ರೀಚಾರ್ಜ್ ಆಗಿದೆ. ಹಿಂದೆಯೇ ಅಂಗಡಿಯಿಂದ ಅಮ್ಮನ ಫೋನು.

"ಡೇಟಾ ಹಾಕ್ಸಿದೆ ಮಗಾ. ಎಂಜಿನ್ನಿಗೆ ಡೀಸೆಲ್ಲೂ ತಕಂಡ್ ಬಪ್ದಾ?"