ಬಸ್ಯಾನ ಜಡೆಯ ಎಂಟು ಫೋಟೋ

ಮಕ್ಕಳ ಫೋಟೋ ತೆಗೆಯುವುದು ಬಲು ಸುಲಭದ ಕೆಲಸ. ಮಗು ಎದುರಿಗಿರಬೇಕು, ಬಿಸಿಲು ಬೆನ್ನಿಗಿರಬೇಕು, ಪೆಟ್ಟಿಗೆ ಹೊಟ್ಟೆಗೆ ಆತುಕೊಂಡಿರಬೇಕು. ಕೀಲು ಒತ್ತಿದರೆ ಮುಗಿಯಿತು. ಕುಕನೂರಿನ ಸಾಲೆಯಲ್ಲಿ ಅರವತ್ತು ಹುಡುಗರನ್ನು ಒಂದೇ ಕೆಮ್ಮಿನಿಂದ ಕಲ್ಲಾಗಿಸುತ್ತಿದ್ದ ಮಾಸ್ತರ ನಾನು. ಮೂರು ವರ್ಷದ ಒಬ್ಬ ಪೋರನನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಕೂರಿಸುವುದು ನನಗೆ ಯಾವ ಲೆಕ್ಕ?

ಹೀಗೆ ಅಂದುಕೊಂಡಿದ್ದೆ ಎಂಬುದಷ್ಟೇ ನನಗೆ ಸ್ಪಷ್ಟವಾಗಿ ನೆನಪಿದೆ. ಉಳಿದದ್ದರಲ್ಲಿ ನನ್ನ ನೆನಪನ್ನು ನಂಬಬೇಡಿ. ಈ ಪ್ರಸಂಗವನ್ನು ಹೇಳಿದಾಗಲೆಲ್ಲ ಅದರೊಳಗಿನ ನಾನು ಸ್ವಲ್ಪ ಸ್ವಲ್ಪ ಜಾಣನಾಗುತ್ತ ಬಂದಿದ್ದೇನೆ. ಹೋದ ಸಲ ಹೇಳಿದಾಗ ಎಂಟರಲ್ಲಿ ನಾಲ್ಕು ಫೋಟೋ ಚೆನ್ನಾಗಿಯೇ ಬಂದುಬಿಟ್ಟಿದ್ದವು! ಆದ್ದರಿಂದ ಈ ಸಲ ಹೆಂಡತಿ ಶಾಂತವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರೆದದ್ದನ್ನು ಓದಿ ಹೇಳುತ್ತ ಹೋಗುತ್ತಿದ್ದೇನೆ. ಅವಳು ಶೇಂಗಾ ಸುಲಿಯುತ್ತಿದ್ದಾಳೆ. ನಾನು ಸುಳ್ಳು ಹೇಳಿದ ಕೂಡಲೇ ಸುಲಿಯುವುದು ನಿಲ್ಲುತ್ತದೆ.

ಆಗ ಯುದ್ಧದ ಕಾಲ. ನನ್ನ ತಂಗಿ ಗಂಗವ್ವನ ಗಂಡ ವೀರಪ್ಪ ದಂಡಿಗೆ ಸೇರಿ ಕಡಲಾಚೆ ಹೋಗಿದ್ದ. ಅವನು ಹೋಗುವಾಗ ಅವಳು ಬಸುರಿ. ಮಗ ಬಸ್ಯಾ ನಮ್ಮ ಮನೆಯಲ್ಲೇ ಹುಟ್ಟಿ, ನಡೆದು, ಓಡಿ, ನನ್ನ ಕನ್ನಡಕವನ್ನು ಬಾವಿಗೆ ಒಗೆಯುವಷ್ಟು ದೊಡ್ಡವನಾದರೂ ಅಪ್ಪ ಅವನನ್ನು ಕಂಡಿರಲಿಲ್ಲ. ವೀರಪ್ಪನ ಪತ್ರಗಳು ಬರುತ್ತಿದ್ದವು. ಅರ್ಧ ಸಾಲುಗಳಿಗೆ ಸರಕಾರ ಕರಿ ಮಸಿ ಬಳಿದಿರುತ್ತಿತ್ತು. ಉಳಿದರ್ಧದಲ್ಲಿ ಒಂದೇ ಬೇಡಿಕೆ: ಜವಳ ತೆಗೆಸುವುದರೊಳಗೆ ಹುಡುಗನ ಜಡೆ ಕಾಣುವಂತೆ ಒಂದು ಫೋಟೋ ಕಳಿಸಬೇಕು.

ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಕೂದಲನ್ನು ಹುಲಿಗೆಮ್ಮನಿಗೆ ಕೊಡುವುದೆಂದು ನಮ್ಮವ್ವ ಹರಕೆ ಹೊತ್ತಿದ್ದಳು. ಮುಂದಿನ ಮಂಗಳವಾರವೇ ಜವಳ. ಒಂದು ವಾರ ಮುಂದೂಡಬಹುದೇ ಎಂದು ಕೇಳಿದೆ.

“ಯಾಕ, ದೇವಿಗೆ ರಜಾ ಚೀಟಿ ಬರೆದು ಕೊಡ್ತಿಯೇನು?” ಎಂದಳು ಅವ್ವ.

ಗಂಗವ್ವ ಪಾಪ, ಹುಡುಗನನ್ನು ಗದಗಿನ ಸ್ಟುಡಿಯೋಕ್ಕೆ ಕರೆದೊಯ್ಯುತ್ತೇನೆ ಎಂದಿದ್ದಳು. ಬೇಡವೆಂದವನು ನಾನೇ. ಗದಗಿನ ಗೆಳೆಯನೊಬ್ಬನಿಂದ ಪೆಟ್ಟಿಗೆ ಕ್ಯಾಮರಾ ತಂದಿದ್ದೆನಲ್ಲ! ಯುದ್ಧದಿಂದಾಗಿ ಎಲ್ಲೂ ಸಿಗದ ಒಂದು ಫಿಲ್ಮ್ ಸುರುಳಿಯನ್ನೂ ಅವನು ಕೊಟ್ಟಿದ್ದ. ಅದರಲ್ಲಿ ಎಂಟೇ ಚಿತ್ರ. ಹತ್ತು ಅಡಿ ದೂರ ನಿಲ್ಲು, ಒಂದೊಂದು ಚಿತ್ರ ತೆಗೆದ ಮೇಲೂ ಸುರುಳಿ ತಿರುವು ಎಂದು ಹೇಳಿಕೊಟ್ಟ. ಎರಡೇ ನಿಯಮ. ಎರಡನ್ನೂ ಮುರಿಯಲು ನನಗೆ ಒಂದು ಮುಂಜಾನೆ ಸಾಕಾಯಿತು.

ರವಿವಾರ ಬಸ್ಯಾನಿಗೆ ಎರೆದು, ಜಡೆ ಹೆಣೆದು, ತುದಿಗೆ ಕೆಂಪು ಗೊಂಡೆ ಕಟ್ಟಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು ಅಂಗಳದ ಮಣೆಯ ಮೇಲೆ ಕೂರಿಸಿದರು. ನಾನು ಪೆಟ್ಟಿಗೆಯ ಮೇಲಿನ ಗಾಜಿನಲ್ಲಿ ಬಗ್ಗಿ ನೋಡಿದೆ. ಆ ಗಾಜಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂಬುದನ್ನು ಗೆಳೆಯ ಹೇಳಿರಲಿಲ್ಲ. ಶೇಂಗಾ ನಿಂತಿತು. ಹೇಳಿದ್ದ, ನಾನು ಕೇಳಿರಲಿಲ್ಲ. ಬಸ್ಯಾ ಅತ್ತ ಓಡಿದರೆ ನಾನು ಇತ್ತ ತಿರುಗಿದೆ. ಮೊದಲನೆಯದು ಗೋಡೆಯ ಫೋಟೋ. ಎರಡನೆಯದೂ ಗೋಡೆಯದೇ, ಆದರೆ ಬೇರೆ ಗೋಡೆ.

ಹುಡುಗನನ್ನು ಹಿಡಿದು ಕೂರಲೆಂದು ಅವ್ವನನ್ನು ಮಣೆಯ ಮೇಲೆ ಕೂರಿಸಿದೆ. ಕೀಲು ಒತ್ತುವಷ್ಟರಲ್ಲಿ ಬಸ್ಯಾ ಜಾರಿಕೊಂಡು ಎಮ್ಮೆಯತ್ತ ಓಡಿದ್ದ. ಬೆನ್ನಟ್ಟಿ ಹೋಗಿ ಅಲ್ಲಿಯೂ ಒತ್ತಿದೆ. ಅಷ್ಟರಲ್ಲಿ ಅವನು ಎಮ್ಮೆಯ ಹೊಟ್ಟೆಯ ಕೆಳಗಿಂದ ನುಸುಳಿ ಪಾರಾಗಿದ್ದ. ನಡುವೆ ಸುರುಳಿ ತಿರುವಿರಲಿಲ್ಲ, ಎರಡೂ ಚಿತ್ರ ಒಂದರ ಮೇಲೊಂದು ಬಿದ್ದಿವೆ ಎಂಬುದು ಆಮೇಲೆ ಗದಗಿನಲ್ಲಿ ತಿಳಿಯಿತು. ಅಲ್ಲಿ ಫಿಲ್ಮ್ ತೊಳೆದ ಸ್ಟುಡಿಯೋದವನು ಮೂರನೆಯ ಚಿತ್ರವನ್ನು ಹಣೆಗೆ ಒತ್ತಿಕೊಂಡು, “ಮಾಸ್ತರ, ಈ ದೇವಿ ಯಾವ ಊರಾಕಿರಿ?” ಎಂದು ಕೇಳಿದ. ನೋಡಿದೆ. ನಮ್ಮವ್ವ! ಹಣೆತುಂಬ ಕುಂಕುಮ, ತಲೆಯ ಎರಡೂ ಪಕ್ಕ ಎಮ್ಮೆಯ ಕೊಂಬು.

ಆ ಮುಂಜಾನೆ ಇದಾವುದೂ ತಿಳಿಯದ ನಾನು ಬೋಧನಾಕ್ರಮವನ್ನು ಬದಲಿಸಿದೆ. ಬಸ್ಯಾನ ಕೈಗೆ ಬೆಲ್ಲದ ಚೂರು ಕೊಟ್ಟು, “ಈ ಪೆಟಗಿಯೊಳಗಿಂದ ನಿಮ್ಮಪ್ಪ ನಿನ್ನ ನೋಡತಾನ. ಸುಮ್ಮ ಕುಂದ್ರು” ಎಂದೆ.

ನನ್ನ ಹದಿನಾಲ್ಕು ವರ್ಷದ ಮಾಸ್ತರಿಕೆಯಲ್ಲಿ ಇಷ್ಟು ಬೇಗ ಯಾರ ತಲೆಗೂ ಯಾವ ಪಾಠವೂ ಹತ್ತಿರಲಿಲ್ಲ. ಬಸ್ಯಾ ಎದ್ದು ನೇರವಾಗಿ ಪೆಟ್ಟಿಗೆಗೆ ಬಂದು ಕಣ್ಣು ಹಚ್ಚಿದ. ಒಯ್ದು ಕೂರಿಸಿದೆ, ಮತ್ತೆ ಬಂದ. ನಾಲ್ಕು, ಐದು, ಆರು: ಮೂರರಲ್ಲೂ ಹಿಟ್ಟಿನ ಮುದ್ದೆಯಂಥದೊಂದು ಮೂಗು. ಏಳನೆಯ ಸಲ ಅವನು ಪೆಟ್ಟಿಗೆಯನ್ನು ಎರಡು ಸಲ ಬಡಿದ. ಯಾರೂ ಬರಲಿಲ್ಲ. ಆಗ ತಾನು ಅರ್ಧ ಚೀಪಿದ ಬೆಲ್ಲವನ್ನು ಕ್ಯಾಮರಾದ ಕಣ್ಣಿಗೆ ಒತ್ತಿ, “ಅಪ್ಪಾ, ತಿನ್ನ” ಎಂದ.

ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಗುವುದಕ್ಕೋ ಅಳುವುದಕ್ಕೋ, ನಾನು ಇಂದಿಗೂ ಕೇಳಿಲ್ಲ. ಗಾಬರಿಯಲ್ಲಿ ನನ್ನ ಬೆರಳು ಕೀಲಿನ ಮೇಲೆ ಬಿತ್ತು. ಏಳನೆಯದು ಬೆಲ್ಲದ ಫೋಟೋ.

ಉಳಿದದ್ದು ಒಂದು. ಬೆಲ್ಲವನ್ನು ನಾನೇ ಜಾಗ್ರತೆಯಿಂದ ಒರೆಸಿದೆ. ಶೇಂಗಾ ನಿಂತಿತು. ಶಾಂತವ್ವ ಒರೆಸಿದಳು.

ಗಂಗವ್ವ ಹೊರಗೆ ಬಂದು, “ಅಣ್ಣಾ, ಮಾರಿ ಬರದಿದ್ರೂ ನಡೀತೈತಿ. ಜಡಿ ಒಂದು ಬರಲಿ. ನಾಡಿದ್ದು ಅದು ಇರೂದಿಲ್ಲ” ಎಂದಳು. ಇಷ್ಟಕ್ಕೇ ತೃಪ್ತನಾಗಿದ್ದರೆ ನಾನು ಇಂದು ಮರ್ಯಾದಸ್ಥನಾಗಿರುತ್ತಿದ್ದೆ. ಹುಡುಗನ ಬೆನ್ನ ಕಡೆಗೆ ಪೆಟ್ಟಿಗೆ ಹಿಡಿದರೆ ಸಾಕಿತ್ತು. ಆದರೆ ನನಗೆ ಸ್ಟುಡಿಯೋದವರ ಉಪಾಯ ನೆನಪಾಯಿತು. ಮದುಮಗಳ ಹಿಂದೆ ಕನ್ನಡಿ ಇಟ್ಟು ಮುಖ, ಜಡೆ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಾರೆ! ಓಡಿಹೋಗಿ ಹಜಾಮತಿ ಅಂಗಡಿಯ ದೊಡ್ಡ ಕನ್ನಡಿ ತಂದೆ. ಬಸ್ಯಾನ ಬೆನ್ನ ಹಿಂದೆ ನಿಲ್ಲಿಸಿದೆ. ಹತ್ತು ಅಡಿಯಿಂದ ಹುಡುಗ ಇರುವೆಯಂತೆ ಕಂಡದ್ದರಿಂದ ಐದು ಅಡಿಗೆ ಬಂದೆ. ಅವನು ನನ್ನತ್ತ ನೋಡಲೆಂದು, ಧೋತರ ಮೇಲಕ್ಕೆ ಕಟ್ಟಿ, ಕತ್ತು ಚಾಚಿ, ಹೋತದಂತೆ ಕೂಗಿದೆ.

ಬಸ್ಯಾ ನೋಡಿದ. ಒಂದು ಕ್ಷಣ ಅಲುಗಾಡಲಿಲ್ಲ. ನಾನು ಒತ್ತಿದ್ದು ಅದರ ಮರುಕ್ಷಣ.

ಸೋಮವಾರ ಗಾಡಿ ಕಟ್ಟಿ ಹುಲಿಗಿಗೆ ಹೋದೆವು. ಮಂಗಳವಾರ ಬಸ್ಯಾನ ತಲೆ ತಾಮ್ರದ ತಂಬಿಗೆಯಂತೆ ಹೊಳೆಯಿತು. ಆಮೇಲೆ ಗದಗಿನಿಂದ ಎಂಟನೆಯ ಚಿತ್ರ ಬಂತು. ಹೋತ ನಿಜವಾಗಿಯೂ ಬಂದಿದೆಯೇ ಎಂದು ಹುಡುಗ ಎದ್ದು ಓಡಿದ್ದ. ಖಾಲಿ ಮಣೆ. ಒಂದು ಮೂಲೆಯಲ್ಲಿ ಜಡೆಯ ತುದಿ ಮತ್ತು ಗಾಳಿಯಲ್ಲಿ ಹಾರುತ್ತಿರುವ ಗೊಂಡೆ. ನಟ್ಟನಡುವೆ ಕನ್ನಡಿ. ಕನ್ನಡಿಯೊಳಗೆ, ಒಂದೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟವಾಗಿ, ಬಾಯಿ ತೆರೆದ ನಾನು!

ಹರಿದು ಒಲೆಗೆ ಹಾಕೋಣವೆಂದೆ. ಗಂಗವ್ವ ಕಸಿದುಕೊಂಡಳು. ಅದನ್ನೇ ಕಳಿಸಿದಳು. ಮೂರು ತಿಂಗಳಾದ ಮೇಲೆ ವೀರಪ್ಪನ ಉತ್ತರ ಬಂತು. ಅವಳಿಗೆ ಓದಲು ಬಾರದ್ದರಿಂದ ನಾನೇ ಗಟ್ಟಿಯಾಗಿ ಓದಬೇಕಾಯಿತು:

“ಜಡಿ ಮುಟ್ಟಿತು. ಗೊಂಡೇವು ಭಾಳ ಛಲೋ ಐತಿ. ಹುಡುಗ ಓಡತಾನ ಅಂತ ತಿಳೀತು, ಕಾಲು ಗಟ್ಟಿ ಇರಬೇಕು. ಆದರ ಮಾಸ್ತರ ಯಾಕ ಹಂಗ ಅಳಾಕತ್ಯಾರ? ಮನ್ಯಾಗ ಏನರ ಆಗೇತೇನು? ಮುಚ್ಚಿಡಬ್ಯಾಡ್ರಿ.”

ಅವನ ಸಮಾಧಾನಕ್ಕೆ ನಾನು ಎರಡು ಪುಟ ಬರೆದೆ. ಸರಕಾರ ಅದಕ್ಕೆ ಒಂದು ಹನಿಯೂ ಮಸಿ ಬಳಿಯದೆ ತಲುಪಿಸಿತಂತೆ.

ಯುದ್ಧ ಮುಗಿದು ವೀರಪ್ಪ ಬಂದ. ಅಂಗಳದಲ್ಲಿ ನಿಂತು ಅಂಗಿಯ ಜೇಬಿನಿಂದ ಆ ಫೋಟೋ ತೆಗೆದು ಬಸ್ಯಾನ ಎದುರು ಹಿಡಿದ. ಹಿಡಿದು ಹಿಡಿದು ಗೊಂಡೆಯ ಜಾಗ ಬೆಳ್ಳಗೆ ಸವೆದಿತ್ತು. ಅದನ್ನು ಅವನು ನಡುವೆ ಮಡಚಿದ್ದ. ಮಡಿಕೆ ಸರಿಯಾಗಿ ನನ್ನ ತೆರೆದ ಬಾಯಿಯ ಮೇಲೆ ಹಾದುಹೋಗಿತ್ತು.

ಜೇಬು ಸಣ್ಣದಿದ್ದುದರಿಂದ ಮಡಚಿದ್ದನೆಂದು ಬರೆದೆ. ಶೇಂಗಾ ನಿಂತಿತು.

ಸರಿ. ನಾನು ಕಾಣಬಾರದೆಂದು ಮಡಚಿದ್ದ. ಶೇಂಗಾ ಮತ್ತೆ ಸುರುವಾಯಿತು.