ವೆಂಡೆಲ್‌ನ ತೆರೆದ ಕಿಟಕಿ

ಪಕ್ಕದ ಮನೆಯ ಓಪಲ್‌ಳನ್ನು ಹೇಗಿದ್ದೀರಿ ಎಂದು ವಿಚಾರಿಸಲು ವೆಂಡೆಲ್ ಹ್ರುಸ್ಕಾ ತನ್ನ ಪಿಕಪ್ಪಿನ ಕಿಟಕಿ ಇಳಿಸಿದ. ಗುಂಡಿ ಒತ್ತಿದ್ದಷ್ಟೇ. ಹಗ್ಗ ಕಡಿದ ಕೊಡ ಬಾವಿಗೆ ಬೀಳುವಂತೆ ಗಾಜು ಧಡಕ್ಕನೆ ಬಾಗಿಲೊಳಗೆ ಇಳಿದುಹೋಯಿತು. ಮತ್ತೆ ಮತ್ತೆ ಒತ್ತಿದರೆ ಒಳಗಿನಿಂದ ಬರೀ ಗೊರಕೆ.

ಬೇರೆ ತಿಂಗಳಾಗಿದ್ದರೆ ಚಿಂತೆಯಿರಲಿಲ್ಲ. ಇದು ಆಗಸ್ಟ್. ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಮನೆಗೇ ಬೀಗ ಹಾಕುವವರಿಲ್ಲ. ಆದರೆ ಆಗಸ್ಟ್ ಬಂತೆಂದರೆ ಎಲ್ಲರೂ ಗಾಡಿಯ ಕಿಟಕಿ ಏರಿಸಿ ಬೀಗ ಜಡಿಯುತ್ತಾರೆ. ಕಳ್ಳರ ಭಯಕ್ಕಲ್ಲ, ದಾನಿಗಳ ಭಯಕ್ಕೆ. ಹಿತ್ತಲಲ್ಲಿ ಸೌತೆಕಾಯಿಯಂಥ ಜುಕಿನಿ ಬಿಡುವ ಗಿಡಗಳು ರಾತ್ರಿ ಬೆರಳಿನಷ್ಟಿದ್ದ ಕಾಯನ್ನು ಬೆಳಗಾಗುವುದರೊಳಗೆ ತೊಡೆಯಷ್ಟು ಮಾಡಿಡುವ ಕಾಲ ಅದು. ತಿಂದು ಸಾಕಾದವರೆಲ್ಲ ಕಂಕುಳಲ್ಲಿ ಕಾಯಿ ಇಟ್ಟುಕೊಂಡು, ತೆರೆದ ಗಾಡಿ ಎಲ್ಲಿ ಸಿಕ್ಕೀತೆಂದು ಅಲೆಯುತ್ತಾರೆ. ಪಿಕಪ್ಪಿನ ಹಿಂದಿನ ತೊಟ್ಟಿಗಂತೂ ವೆಂಡೆಲ್ ಹೋದ ವರ್ಷವೇ ಮುಚ್ಚಳ ಹಾಕಿಸಿದ್ದ.

ಆದರೂ ಅವನು ಅಂಚೆ ಕಚೇರಿಗೆ ಹೋದ. ಕಾಗದ ಬರೆಯಲು ಅವನಿಗೆ ಯಾರೂ ಇರಲಿಲ್ಲ. ಆದರೆ ಸ್ಟಾಂಪು ಮಾರಲು ಅಲ್ಲಿ ಲವೋನ್ ಇದ್ದಳು. ಇವತ್ತು ಅವಳು ಹೊರಗೆ ನಿಂತ ಗಾಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ನಕ್ಕಳು. ಆ ನಗುವಿನಿಂದ ವೆಂಡೆಲ್‌ಗೆ ಎಲ್ಲಿಲ್ಲದ ಧೈರ್ಯ ಬಂತು.

“ಸಂಜೆ ಚರ್ಚಿನ ಊಟಕ್ಕೆ... ನಿಮ್ಮನ್ನ... ನನ್ನ ಗಾಡೀಲಿ...”

“ಆರು ಗಂಟೆಗೆ ಬನ್ನಿ,” ಅಂದೇಬಿಟ್ಟಳು.

ತೇಲುತ್ತಾ ಹೊರಗೆ ಬಂದರೆ, ಲವೋನ್ ಕೂರಬೇಕಾದ ಸೀಟಿನ ಮೇಲೆ ಆಗಲೇ ನಾಲ್ಕು ಜುಕಿನಿ ಆರಾಮಾಗಿ ಒರಗಿದ್ದವು.

ಸಂಜೆಯೊಳಗೆ ಕಿಟಕಿ ಮುಚ್ಚಲೇಬೇಕು! ಮನೆಗೆ ಬಂದವನೇ ಬಾಗಿಲಿನ ಒಳಹೊದಿಕೆ ಕಿತ್ತ. ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಪಿನ್ನುಗಳು ಕಡಲೆಕಾಯಿ ಸಿಪ್ಪೆಯಂತೆ ಪಟಪಟನೆ ಮುರಿದವು. ಅಷ್ಟರಲ್ಲಿ ಎದುರು ಮನೆಯ ಮರ್ಲ್ ಕಾಫಿ ಲೋಟ ಹಿಡಿದು ಬಂದ.

“ಫ್ಯೂಸ್ ಕಣೋ. ನೂರಕ್ಕೆ ನೂರು ಫ್ಯೂಸೇ.”

“ಮೋಟರ್ ಸದ್ದು ಬರ್ತಿದೆಯಲ್ಲೋ ಮರ್ಲ್...”

“ನೀ ಸುಮ್ನಿರೋ ಮಾರಾಯ, ನಾನು ಎಷ್ಟು ಗಾಡಿ ನೋಡಿಲ್ಲ!” ಎಂದು ಸ್ಕ್ರೂಡ್ರೈವರಿನಿಂದ ಎಲ್ಲಿಗೋ ಚುಚ್ಚಿದ. ಹಾರನ್ ಕೂಗಲು ಶುರುವಾಯಿತು, ನಿಲ್ಲಲೇ ಇಲ್ಲ. ಬೀದಿಯ ಜನವೆಲ್ಲ ಹೊರಗೆ ಬಂದರು. ತೆರೆದ ಕಿಟಕಿ ಕಂಡದ್ದೇ ತಡ, ಮತ್ತೆ ಒಳಗೆ ಹೋಗಿ, ಈ ಸಲ ತುಂಬಿದ ಕೈಯಲ್ಲಿ ಬಂದರು.

“ಪಾಪ, ಗಾಡಿ ಹಸಿವಿಗೆ ಅಳ್ತಿದೆ,” ಎಂದು ಓಪಲ್ ಎರಡು ಕಾಯಿ ಒಳಗೆ ಇಳಿಸಿದಳು.

“ಬೇಡಮ್ಮಾ, ಸಂಜೆ ಲವೋನ್ ಕೂರ್ಬೇಕು ಅಲ್ಲಿ!”

“ಅವಳು ಸಣ್ಣಗಿದ್ದಾಳೆ ಬಿಡಪ್ಪಾ, ಜಾಗ ಸಾಲುತ್ತೆ.”

ಬ್ಯಾಟರಿಯ ತಂತಿ ಕಿತ್ತ ಮೇಲೆಯೇ ಹಾರನ್ ನಿಂತಿತು. ಬಾಗಿಲೊಳಗೆ ಇಣುಕಿದರೆ ಗಾಜು ಎತ್ತುವ ಉಕ್ಕಿನ ಎಳೆ ತುಂಡಾಗಿತ್ತು. ಬಿಡಿಭಾಗದ ಅಂಗಡಿ ಸೋಮವಾರದವರೆಗೆ ಮುಚ್ಚಿತ್ತು. ಕೊನೆಗೆ ಇಬ್ಬರೂ ಸೇರಿ ಗಾಜನ್ನು ಕೈಯಿಂದಲೇ ಮೇಲೆಳೆದರು. ಆದರೆ ಕೆಳಗೆ ಕೊಡಲು ಸರಿಯಾದ ಆನಿಕೆ ಬೇಕಲ್ಲ? ಒಂದು ಮರದ ತುಂಡು ಉದ್ದವಾಯಿತು, ಇನ್ನೊಂದು ಮೋಟಾಯಿತು. ಮರ್ಲ್ ಸೀಟಿನ ರಾಶಿಯಿಂದ ಒಂದು ಗಟ್ಟಿ ಜುಕಿನಿ ಆರಿಸಿ ಗಾಜಿನಡಿಗೆ ತುರುಕಿದ. ಗಾಜು ಕದಲಲಿಲ್ಲ.

“ನೋಡೋ! ಹೇಳಿ ಮಾಡಿಸಿದ ಹಾಗಿದೆ!” ಎಂದು ಮರ್ಲ್ ಕೈ ತೊಳೆಯಲು ಹೋದ. ಅವನು ಬರುವುದರೊಳಗೆ ವೆಂಡೆಲ್ ಮಿಕ್ಕ ಕಾಯಿಗಳನ್ನೆಲ್ಲ ಅವನ ಜಗಲಿಯ ಮೇಲೆ ಸುರಿದಿದ್ದ.

ಬ್ಯಾಟರಿ ಜೋಡಿಸಿದ. ಪುಣ್ಯಕ್ಕೆ ಹಾರನ್ ಸುಮ್ಮನಿತ್ತು. ಆರು ಗಂಟೆಗೆ, ಒಗೆದ ಅಂಗಿ ತೊಟ್ಟು, ಒರೆಸಿದ ಸೀಟಿನೊಂದಿಗೆ ಲವೋನ್ ಮನೆಯ ಮುಂದೆ ಗಾಡಿ ನಿಲ್ಲಿಸಿ ಕೆಳಗಿಳಿದ. ನೀಲಿ ಉಡುಪಿನಲ್ಲಿ ನಗುತ್ತಾ ಮೆಟ್ಟಿಲಿಳಿಯುತ್ತಿದ್ದವಳು ಗಾಡಿ ನೋಡಿ ಅರ್ಧಕ್ಕೇ ನಿಂತಳು.

“ಕಿಟಕಿ ಮುಚ್ಚಿದೀರಾ?”

“ಹೂಂ!” ವೆಂಡೆಲ್ ಎದೆಯುಬ್ಬಿಸಿದ. “ಇಡೀ ದಿನ—”

“ನೀವೂ ಎಲ್ಲರ ಹಾಗೇನಾ ವೆಂಡೆಲ್?” ಅವಳ ದನಿ ಸಣ್ಣಗಾಯಿತು. “ಆಗಸ್ಟಲ್ಲೂ ಕಿಟಕಿ ತೆರೆದಿಡೋ ಮನುಷ್ಯ ಈ ಊರಲ್ಲಿ ಒಬ್ಬನಾದ್ರೂ ಇದ್ದಾನಲ್ಲ ಅಂದ್ಕೊಂಡಿದ್ದೆ. ಯಾರು ಏನು ಕೊಟ್ರೂ ಬೇಡ ಅನ್ನದ ದೊಡ್ಡ ಮನಸ್ಸು ಅಂತ. ಅದಕ್ಕೇ ಬರ್ತೀನಿ ಅಂದಿದ್ದು.”

ಅವಳು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ವೆಂಡೆಲ್‌ನ ಕಿವಿಯವರೆಗೆ ರಕ್ತವೇರಿತು. “ಅಯ್ಯೋ, ಇಲ್ಲ ಇಲ್ಲ! ಒರೆಸೋಣ ಅಂತ ಗಾಜು ಮೇಲೆತ್ತಿದ್ದೆ, ಅಷ್ಟೇ!” ಎನ್ನುತ್ತಾ ಬಾಗಿಲು ತೆರೆದು, ಜೋತಾಡುತ್ತಿದ್ದ ಒಳಹೊದಿಕೆಯ ಹಿಂದೆ ಕೈ ಹಾಕಿ ಆನಿಕೆಯನ್ನು ಸೆಳೆದ. ಗಾಜು ಧಡಕ್ಕನೆ ಇಳಿಯಿತು. ಈ ಸಲ ತಳದಲ್ಲಿ ಚೂರುಚೂರಾದ ಸದ್ದೂ ಕೇಳಿತು.

ಲವೋನ್‌ಳ ಮುಖ ಅರಳಿತು. “ನಂಗೊತ್ತಿತ್ತು! ಒಂದೇ ನಿಮಿಷ ಇರಿ, ಬಂದೆ,” ಎಂದು ಹಿತ್ತಲ ಕಡೆಗೆ ಓಡಿದಳು.

ವೆಂಡೆಲ್ ಕಾಲರ್ ಸರಿಮಾಡಿಕೊಂಡು, ಜುಕಿನಿಯನ್ನು ಹೂಗುಚ್ಛದಂತೆ ಎದೆಗೊತ್ತಿಕೊಂಡು ನಿಂತ. ಜೀವನದಲ್ಲಿ ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಮನೆಯ ಹಿಂದಿನಿಂದ, ಭಾರಕ್ಕೆ ಕಿರುಗುಟ್ಟುತ್ತಾ, ಒಂಟಿ ಚಕ್ರದ ಕೈಗಾಡಿಯೊಂದು ಹತ್ತಿರ ಬರುತ್ತಿತ್ತು.