ಕಾರವಾನಿನಲ್ಲಿ ಬಂಗುಡೆ ಪುಳಿಮುಂಚಿ

ಕಾರವಾನ್ ತಾಯಿಫ್‌ಗೆ ಖಾಲಿ ಹೋಗುತ್ತದೆ ಎಂಬ ಮಾತನ್ನು ಸಿರಾಜುದ್ದೀನ್ ಲಿಫ್ಟಿನಲ್ಲಿ ಆಡಬಾರದಿತ್ತು. ಆಡಿದ್ದು ಬುಧವಾರ ಸಂಜೆ, ಕೇಳಿಸಿಕೊಂಡದ್ದು ಎರಡನೇ ಮಹಡಿಯ ಬೀಫಾತಿಮಾ ಒಬ್ಬರೇ. ಗುರುವಾರ ಬೆಳಿಗ್ಗೆ ಅವನು ಅಂಗಡಿಯ ಯಾರ್ಡಿನಿಂದ ಕಾರವಾನನ್ನು ಲ್ಯಾಂಡ್ ಕ್ರೂಸರಿಗೆ ಸಿಕ್ಕಿಸಿಕೊಂಡು, ಮನೆಯಲ್ಲೇ ಮರೆತಿದ್ದ ಇಕಾಮಾ ಎಂಬ ವಾಸದ ಪರವಾನಗಿ ತರಲೆಂದು ಕಟ್ಟಡದ ಮುಂದೆ ಬಂದು ನಿಂತಾಗ, ತಾಯಿಫ್‌ನ ನೆಂಟರಿಷ್ಟರಿಗೆ ಕಳಿಸಬೇಕಾದ ಹನ್ನೊಂದು ಕಾರ್ಟನ್, ಎರಡು ಅಕ್ಕಿ ಮೂಟೆ ಮತ್ತು ಒಂದು ಹೊಲಿಗೆ ಯಂತ್ರ ಅವನಿಗಾಗಿ ಫುಟ್‌ಪಾತಿನಲ್ಲಿ ಸಾಲಾಗಿ ಕಾಯುತ್ತಿದ್ದವು.

ಕರಾವಳಿಯಿಂದ ಬಂದ ಗಲ್ಫ್ ಮನುಷ್ಯ ಏನನ್ನು ಬೇಕಾದರೂ ಸಹಿಸಿಯಾನು, ಖಾಲಿ ಹೋಗುವ ಜಾಗವನ್ನು ಸಹಿಸಲಾರ. ಮೂವತ್ತು ಕೆ.ಜಿ. ಲಗೇಜಿಗೆ ಅವಕಾಶವಿದ್ದೂ ಇಪ್ಪತ್ತೆಂಟು ಕೆ.ಜಿ. ತುಂಬಿಸಿಕೊಂಡು ಊರಿಗೆ ಹೋದವನ ಬಗ್ಗೆ ಎರಡು ವರ್ಷ ಮಾತಾಡುತ್ತಾರೆ. ಹೀಗಿರುವಾಗ ಮಂಚ, ಒಲೆ, ಸಿಂಕು ಎಲ್ಲ ಇರುವ ಒಂದು ಇಡೀ ಮನೆ ಚಕ್ರದ ಮೇಲೆ ಖಾಲಿ ಹೊರಟಿದೆ ಎಂದರೆ ಕಟ್ಟಡದವರಿಗೆ ನಿದ್ದೆ ಬರುವುದಾದರೂ ಹೇಗೆ?

ಸಿರಾಜುದ್ದೀನನಿಗೆ ಈ ಪ್ರಯಾಣದಿಂದ ಆಗಬೇಕಾದದ್ದು ಬೇರೆಯೇ ಇತ್ತು. ಜಿದ್ದಾದಲ್ಲಿ ಟೆಂಟು, ಕಾರವಾನು ಮಾರುವ ಅತೀಕುರ್ರಹ್ಮಾನ್ ಸಾಹೇಬರ ಅಂಗಡಿಯಲ್ಲಿ ಅವನು ಸ್ಟೋರ್ ಕೀಪರ್. ಉಪ್ಪಿನಂಗಡಿಯ ಮುಖ ಕಾಣದೆ ಮೂರು ವರ್ಷವಾಗಿತ್ತು. ಮಗ ಅರ್ಕಮ್ ಹುಟ್ಟಿದ್ದು ಅವನು ಇಲ್ಲಿಗೆ ವಾಪಸು ಬಂದ ಮೇಲೆ. ಎರಡೂವರೆ ವರ್ಷದ ಆ ಮಗುವಿನ ಪಾಲಿಗೆ ಉಪ್ಪ, ಅಂದರೆ ಅಪ್ಪ, ಎಂದರೆ ತಾಯಿಯ ಮೊಬೈಲು. ಮೊಬೈಲನ್ನು ಚಾರ್ಜಿಗೆ ಹಾಕಿದಾಗಲೆಲ್ಲ ‘ಉಪ್ಪ ಮಲಗಿದ್ದಾರೆ’ ಎಂದು ಅದಕ್ಕೆ ಟವೆಲ್ ಹೊದಿಸುತ್ತಾನಂತೆ. ಹೆಂಡತಿ ಝೀನತ್ ಇದನ್ನು ನಗುತ್ತಲೇ ಹೇಳಿದ್ದಳು. ಆ ದಿನ ಸಿರಾಜುದ್ದೀನನಿಗೆ ಊಟ ಸೇರಲಿಲ್ಲ.

ಸಾಹೇಬರ ಮೇಜಿನ ಮೇಲೆ ಎರಡು ರಜೆ ಅರ್ಜಿಗಳಿದ್ದವು, ಒಂದು ಅವನದು, ಇನ್ನೊಂದು ಡ್ರೈವರ್ ನಝೀಮನದು. ಇಬ್ಬರನ್ನೂ ಒಟ್ಟಿಗೆ ಬಿಡುವ ಹಾಗಿರಲಿಲ್ಲ. ಭಟ್ಕಳದ ಸಾಹೇಬರು ಮೆತ್ತಗಿನ ಮನುಷ್ಯರು, ಆದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದರಲ್ಲಿ ಪಳಗಿದವರು. ಹೋದ ವಾರ ನಝೀಮ್ ತಾಯಿಫ್‌ಗೆಂದು ಹೊರಟ ಕಾರವಾನನ್ನು ಯಾರ್ಡಿನ ಗೇಟಿಗೇ ಉಜ್ಜಿಸಿ ಗೇಟನ್ನೂ ಮಡಚಿದ ಮೇಲೆ ಸಾಹೇಬರು ಸಿರಾಜುದ್ದೀನನನ್ನು ಕರೆದರು.

“ಇನ್ನೊಂದು ಕಾರವಾನನ್ನು ನೀನು ತಗೊಂಡು ಹೋಗು. ಗುರುವಾರ ಸಂಜೆ ಅಸರ್ ನಮಾಝಿಗೆ ಮುಂಚೆ ಗೀರಿಲ್ಲದೆ ಮುಟ್ಟಿಸು. ಆಮೇಲೆ ನಿನ್ನ ಅರ್ಜಿಗೆ ಅಡ್ಡಿ ಏನುಂಟು?”

ಮೂರು ಸಂಜೆ ಅವನು ಖಾಲಿ ಯಾರ್ಡಿನಲ್ಲಿ ಕಾರವಾನನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಅಭ್ಯಾಸ ಮಾಡಿದ. ವಿಡಿಯೋ ನೋಡಿ ಒಂದು ಪುಸ್ತಕದಲ್ಲಿ ಬರೆದುಕೊಂಡ: ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಎತ್ತಿ ನೋಡಬೇಕು, ಸರಪಳಿಗಳೆರಡನ್ನೂ ಒಂದಕ್ಕೊಂದು ಅಡ್ಡವಾಗಿ ಕಟ್ಟಬೇಕು, ಹಿಂದಿನ ದೀಪ, ಟಯರಿನ ಗಾಳಿ, ಉದ್ದ ಕನ್ನಡಿ ಪರೀಕ್ಷಿಸಬೇಕು, ಕಾರವಾನು ತೂಗಾಡಿದರೆ ಬ್ರೇಕು ಒತ್ತಬಾರದು, ಸ್ಟೇರಿಂಗ್ ತಿರುಗಿಸಬಾರದು, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಸಾಮಾನಿನ ಬಗ್ಗೆ ಒಂದಕ್ಷರವೂ ಬರೆದಿರಲಿಲ್ಲ. ಖಾಲಿ ಹೋಗುವ ಗಾಡಿಗೆ ಸಾಮಾನಿನ ಮಾತು ಏಕೆ?

“ಅಷ್ಟೆಲ್ಲ ಆಗುದಿಲ್ಲ ಬೀಫಾತಿಮಾಕ್ಕ,” ಎಂದು ಅವನು ಫುಟ್‌ಪಾತಿನಲ್ಲಿ ಒಂದು ಸಲ ಹೇಳಿಯೂ ನೋಡಿದ. ಆದರೆ ಬೀಫಾತಿಮಾ ಅಷ್ಟರಲ್ಲಿ ಒಂದು ಅಗಲ ಬಾಯಿಯ ಪಾತ್ರೆಯನ್ನು ಅವನ ಕೈಗಿತ್ತಾಗಿತ್ತು. ಒಳಗೆ ಬಂಗುಡೆ ಪುಳಿಮುಂಚಿ, ಹುಳಿ-ಖಾರದ ಮೀನುಸಾರು. ಅವರ ತಂಗಿ ಶಬ್ನಮ್ ತಾಯಿಫ್‌ನಲ್ಲಿ ಎಂಟು ತಿಂಗಳ ಬಸುರಿ, ಅಕ್ಕನ ಕೈಯ ಪುಳಿಮುಂಚಿ ಬೇಕೆಂದು ಹತ್ತು ದಿನದಿಂದ ಅಳುತ್ತಿದ್ದಾಳಂತೆ. ಬಸುರಿಯ ಬಯಕೆಗೆ ಇಲ್ಲವೆನ್ನುವ ಗಂಡಸು ಆ ಕಟ್ಟಡದಲ್ಲಿರಲಿಲ್ಲ. ಒಂದು ಪಾತ್ರೆಗೆ ಹೂಂ ಅಂದವನು ಉಳಿದದ್ದಕ್ಕೆ ಉಹೂಂ ಅನ್ನುವ ಹಾಗೂ ಇರಲಿಲ್ಲ.

ಸಾಮಾನು ತುಂಬಿಸುವ ಯಜಮಾನಿಕೆ ರಹ್ಮಾನ್ ಕಾಕನದು. ಅಬ್ದುಲ್ ರಹ್ಮಾನ್ ಜಿದ್ದಾಕ್ಕೆ ಬಂದು ಮೂವತ್ತೊಂದು ವರ್ಷ. ಊರಿಗೆ ಹೋಗುವವರ ಕಾರ್ಟನ್ ಕಟ್ಟಿಕೊಡುವುದು, ಹಗ್ಗಕ್ಕೆ ಎರಡು ಬೆರಳು ಹಾಕಿ ಎತ್ತಿ ತೂಕ ಹೇಳುವುದು ಅವರ ಕಸುಬಲ್ಲದ ಕಸುಬು. ಅವರು ಇಪ್ಪತ್ತೊಂಬತ್ತೂವರೆ ಅಂದರೆ ಏರ್‌ಪೋರ್ಟಿನ ಯಂತ್ರವೂ ಹಾಗೇ ಅನ್ನುತ್ತಿತ್ತು. ಒಂದೊಂದೇ ಕಾರ್ಟನ್ ಎತ್ತಿ, ಕಣ್ಣು ಮುಚ್ಚಿ, ಒಟ್ಟು ಮುನ್ನೂರ ಹತ್ತು ಕೆ.ಜಿ. ಎಂದು ಘೋಷಿಸಿದರು. ಕಾರವಾನಿನ ಬಾಗಿಲ ಬಳಿಯ ತಗಡಿನಲ್ಲಿ ನಾನೂರರವರೆಗೆ ತುಂಬಬಹುದೆಂದು ಬರೆದಿತ್ತು.

“ಇನ್ನೂ ತೊಂಬತ್ತು ಖಾಲಿ ಉಂಟು ಮಾರಾಯ,” ಎಂದು ಕಾಕ ಬೇಸರಪಟ್ಟರು. ಆಮೇಲೆ ಎಲ್ಲವನ್ನೂ ಕಾರವಾನಿನ ಹಿಂಬದಿಯ ಮಂಚದ ಕೆಳಗೆ ಒತ್ತೊತ್ತಾಗಿ ಜೋಡಿಸಿದರು. ಭಾರವೆಲ್ಲ ಹಿಂದಿದ್ದರೆ ಮುಂದಿನ ಕಾರಿಗೆ ಹಗುರ ಎಂಬುದು ಅವರ ಸಿದ್ಧಾಂತ. ಸಿರಾಜುದ್ದೀನನಿಗೂ ಅದು ನ್ಯಾಯವಾಗಿಯೇ ಕಂಡಿತು. ಪಾತ್ರೆಯನ್ನು ಮಾತ್ರ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಹೊರಟ.

ಜಿದ್ದಾ ದಾಟುವವರೆಗೆ ತೊಂದರೆಯಾಗಲಿಲ್ಲ. ಮಕ್ಕಾದ ಹೊರದಾರಿ ಹಿಡಿದು ವೇಗ ಎಂಬತ್ತೈದು ಮುಟ್ಟಿದಾಗ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಭರ್ರೆಂದು ಹೋಯಿತು. ಕಾರವಾನು ಒಮ್ಮೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಆಮೇಲೆ ಯಾರ ಅಪ್ಪಣೆಗೂ ಕಾಯದೆ ಎರಡೂ ಕಡೆಗೆ ಬಾಲ ಅಲ್ಲಾಡಿಸತೊಡಗಿತು. ಕಾರನ್ನೂ ತನ್ನ ಜೊತೆಗೆ ಕುಣಿಸಿತು. ಸಿರಾಜುದ್ದೀನನ ಕಾಲು ಬ್ರೇಕಿನ ಕಡೆಗೇ ಓಡುತ್ತಿತ್ತು, ಪುಸ್ತಕದ ಬರಹ ಅದನ್ನು ತಡೆಯಿತು. ಸ್ಟೇರಿಂಗನ್ನು ನೇರ ಹಿಡಿದು, ಕಾಲೆತ್ತಿ, ಬಾಯಿಗೆ ಬಂದ ದುಆಗಳನ್ನೆಲ್ಲ ಹೇಳಿದ. ವೇಗ ಇಳಿದ ಮೇಲೆ ಕಾರವಾನಿನ ಕುಣಿತವೂ ನಿಂತಿತು. ಅಲ್ಲಿಂದ ಪೆಟ್ರೋಲ್ ಬಂಕಿನವರೆಗೆ ಸೈಕಲ್ಲಿನ ವೇಗದಲ್ಲಿ ಹೋದ.

ಬಂಕಿನಲ್ಲಿ ನಿಲ್ಲಿಸಿ ಫೋನ್ ನೋಡಿದರೆ ಬೀಫಾತಿಮಾರ ಆರು ಕರೆಗಳು. ತಾನು ಈಗಷ್ಟೇ ಸಾವಿನ ಬಾಯಿಂದ ಪಾರಾಗಿ ಬಂದೆನೆಂದು ಅವನು ಹೇಳಿದ. ಅವರು ಅಲ್‌ಹಂದುಲಿಲ್ಲಾ ಎಂದು, ಪಾತ್ರೆ ಹೇಗಿದೆಯೆಂದು ಕೇಳಿದರು.

ಅವನು ಕಾರವಾನಿನ ಸುತ್ತ ಬಗ್ಗಿ ಬಗ್ಗಿ ನೋಡುವುದನ್ನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಪೇಶಾವರದ ಲಾರಿ ಡ್ರೈವರೊಬ್ಬ ನೋಡುತ್ತಿದ್ದ. ಗಡ್ಡ ನೆರೆತ ಆ ಖಾನ್ ಸಾಬ್ ಎದ್ದು ಬಂದು, ಕಾರವಾನಿನ ಮೂತಿ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತಿ ಹಿಡಿದಿರುವುದನ್ನು ಕಂಡು, ಬಾಗಿಲು ತೆರೆದು ಒಳಗೆ ಇಣುಕಿದ. ಎಷ್ಟು ಭಾರವಿದೆಯೆಂದು ಸಿರಾಜುದ್ದೀನ್ ಕಾಕನ ಅಂಕಿ ಒಪ್ಪಿಸಿದ.

“ಕಿತ್ನಾ ಹೈ ಛೋಡೋ ಭಾಯಿ, ಕಹಾಂ ಹೈ ದೇಖೋ,” ಎಂದ ಖಾನ್ ಸಾಬ್.

ಎಷ್ಟು ಎನ್ನುವುದಲ್ಲ, ಎಲ್ಲಿ ಎನ್ನುವುದು ಮುಖ್ಯ. ಮೂವತ್ತೊಂದು ವರ್ಷ ವಿಮಾನಕ್ಕೆ ಕಾರ್ಟನ್ ಕಟ್ಟಿದ ರಹ್ಮಾನ್ ಕಾಕನಿಗೆ ಈ ಪ್ರಶ್ನೆ ಒಮ್ಮೆಯೂ ಎದುರಾಗಿರಲಿಲ್ಲ. ವಿಮಾನದಲ್ಲಿ ಅದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಭಾರ ಚಕ್ರದ ಹಿಂದಿದ್ದರೆ ಗಾಡಿ ಬಾಲ ಆಡಿಸುತ್ತದೆ, ತೀರ ಮುಂದಿದ್ದರೆ ಕಾರಿನ ಮುಂಚಕ್ರ ನೆಲದ ಹಿಡಿತ ಬಿಡುತ್ತದೆ. ಚಕ್ರದ ಮೇಲೆ, ಅಲ್ಲಿಂದ ಒಂದಿಷ್ಟು ಮುಂದಕ್ಕೆ, ನೆಲಕ್ಕೆ ತಾಗಿ ಇದ್ದರೆ ತಾಯಿಯ ಬೆರಳು ಹಿಡಿದ ಮಗುವಿನ ಹಾಗೆ ಹಿಂದೆಯೇ ಬರುತ್ತದೆ. ಇಬ್ಬರೂ ಸೇರಿ ಒಂದು ಗಂಟೆ ಸಾಮಾನು ಸರಿಸಿ, ಅತ್ತಿತ್ತ ಜಾರದಂತೆ ಹಗ್ಗ ಬಿಗಿದರು. ಕಾರವಾನಿನ ಮೂತಿ ತಗ್ಗಿ ಕಾರಿಗೆ ಸಮನಾಗಿ ಕೂತಿತು. ಕಡೆಗೆ ಖಾನ್ ಸಾಬ್ ಕಾರಿನ ಸೀಟಿನಿಂದ ಪಾತ್ರೆಯನ್ನು ತಂದು, ಚಕ್ರದ ನೇರಕ್ಕೆ ಎರಡು ಅಕ್ಕಿ ಮೂಟೆಗಳ ನಡುವೆ ಇಟ್ಟ. ಮುಚ್ಚಳಕ್ಕೆ ಬೀಫಾತಿಮಾ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದ. ಕಾರವಾನಿನಲ್ಲಿ ಕಡಿಮೆ ಕುಲುಕುವ ಜಾಗ ಇದೇ, ಇಲ್ಲಿಯೂ ಸಾರು ಚೆಲ್ಲಿದರೆ ತಪ್ಪು ನಿನ್ನ ಕಾಲಿನದು, ಈ ಪಾತ್ರೆಯೇ ನಿನಗೆ ಉಸ್ತಾದ್ ಎಂದು ಹೇಳಿ, ಚಹಾ ಮುಗಿಸಲು ಹೋದ.

ತಾಯಿಫ್‌ಗೆ ಏರುವ ಹದಾ ಘಾಟಿಯ ತಿರುವುಗಳಲ್ಲಿ ಕಾರವಾನು ಎಳೆಯುವ ಧೈರ್ಯ ಸಿರಾಜುದ್ದೀನನಿಗೆ ಇರಲಿಲ್ಲ. ಸುತ್ತಾದರೂ ತಿರುವು ಕಡಿಮೆಯಿರುವ ಸೈಲ್ ರಸ್ತೆಯನ್ನೇ ಹಿಡಿದ. ಎಂಬತ್ತು ದಾಟಲಿಲ್ಲ. ಮುಂದಿನ ಗಾಡಿಗೂ ತನಗೂ ನಡುವೆ ಒಂದು ಮದುವೆ ಮೆರವಣಿಗೆ ಹೋಗುವಷ್ಟು ಜಾಗ ಬಿಟ್ಟ. ಹಂಪುಗಳ ಮೇಲೆ, ಮಲಗಿದ ಮಗುವನ್ನು ದಾಟಿ ಹೋಗುವವನಂತೆ ಹೋದ. ಏರಿನಲ್ಲಿ ಹಿಂದಿನವರು ಹಾರನ್ ಬಾರಿಸಿ ಬೈದರು. ಅವನು ಅರ್ಕಮನನ್ನು ನೆನೆದು ಎಲ್ಲವನ್ನೂ ನುಂಗಿಕೊಂಡ. ಎತ್ತಿಕೊಂಡರೆ ಆ ಮಗು ಅಪರಿಚಿತನೆಂದು ಅಳುತ್ತದೆಯೋ ಏನೋ, ಅತ್ತರೂ ಪರವಾಗಿಲ್ಲ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡ.

ಅಸರ್‌ಗೆ ಇನ್ನೂ ಕಾಲು ಗಂಟೆ ಇರುವಾಗ ತಾಯಿಫ್‌ನ ಆಚೆ ಅಬೂ ನಾಸಿರ್‌ನ ತೋಟ ಮುಟ್ಟಿದ. ಈ ಕಾರವಾನು ಕೊಂಡ ಅಬೂ ನಾಸಿರ್ ಅಲ್ಲಿ ಪ್ರವಾಸಿಗರಿಗೆ ಕ್ಯಾಂಪು ಮಾಡಲು ಹೊರಟಿದ್ದ ಹಿರಿಯ. ಬೇರೆ ಕಡೆಯಿಂದ ಅವನು ತರಿಸಿದ್ದ ಎರಡು ಕಾರವಾನುಗಳು ಕಪಾಟು ಕಳಚಿ, ಗಾಜು ಒಡೆದು ಬಂದಿದ್ದವು. ಕೋಲು ಊರಿಕೊಂಡು ಹೊರಗೆಲ್ಲ ಸುತ್ತು ಹಾಕಿ ನೋಡಿದ, ಗೀರು ಕಾಣಲಿಲ್ಲ. ಆಮೇಲೆ ಬಾಗಿಲು ತೆರೆದ.

ಪುಳಿಮುಂಚಿಯ ವಾಸನೆ ಮೊದಲು ಹೊರಗೆ ಬಂತು. ಹೊಸ ಕಾರವಾನು, ಹಾಲಿನ ಬಣ್ಣದ ಕಾರ್ಪೆಟ್ಟು, ಮಧ್ಯೆ ಮೀನಿನ ಪಾತ್ರೆ. ಸಿರಾಜುದ್ದೀನ್ ರಜೆ ಅಲ್ಲಿಗೇ ಮುಗಿಯಿತೆಂದುಕೊಂಡು, ಬಸುರಿಯ ಕತೆಯನ್ನು ತನಗೆ ಬರುವ ಅರಬಿಯಲ್ಲೆಲ್ಲ ಹೇಳತೊಡಗಿದ. ಅಬೂ ನಾಸಿರ್ ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ ಮುಚ್ಚಳ ತೆಗೆದು ನೋಡಿದ. ಸಾರು ಕಂಠಕ್ಕೆ ಒಂದಂಗುಲ ಕೆಳಗೆ, ಕೆರೆಯ ನೀರಿನ ಹಾಗೆ ನಿಂತಿತ್ತು. ಪಾತ್ರೆಯ ಹೊರಗೆ ಬೆರಳಾಡಿಸಿದ, ಕಾರ್ಪೆಟ್ಟಿನ ಮೇಲೆ ಅಂಗೈ ಒತ್ತಿದ. ಒಂದು ಹನಿಯೂ ಇಲ್ಲ.

“ಜಿದ್ದಾದಿಂದ ಇದು ಹೀಗೇ ಬಂತೇ?” ಎಂದು ಕೇಳಿದ. ಹೌದೆಂದಾಗ ಸಿರಾಜುದ್ದೀನನ ಎರಡೂ ಕೆನ್ನೆಗೆ ಮುತ್ತಿಟ್ಟು, ಅಲ್ಲಿಂದಲೇ ಸಾಹೇಬರಿಗೆ ಫೋನ್ ಹಚ್ಚಿದ. ಮಾತು ಮುಗಿದ ಮೇಲೆ ಫೋನನ್ನು ಅವನ ಕೈಗೆ ಕೊಟ್ಟ.

ಸಾಹೇಬರ ದನಿಯಲ್ಲಿ ಜೇನು ಸುರಿಯುತ್ತಿತ್ತು. “ಅಬೂ ನಾಸಿರ್‌ಗೆ ಇನ್ನೂ ಹತ್ತು ಕಾರವಾನ್ ಬೇಕಂತೆ. ಗುರುವಾರಕ್ಕೊಂದು. ನೀನು ತಂದರೆ ಮಾತ್ರ ಬೇಕಂತೆ.”

“ನನ್ನ ಅರ್ಜಿ, ಸಾಹೇಬ್?”

“ಅದಕ್ಕೆ ಅಡ್ಡಿ ಏನುಂಟು? ಈ ಹತ್ತು ಮುಗಿಯಲಿ. ಆಗ ಕ್ಯಾಂಪಿನ ಸೀಸನ್ ಬರ್ತದೆ, ಅದೊಂದು ಮುಗಿಯಲಿ. ಸದ್ಯಕ್ಕೆ ನಝೀಮನನ್ನು ಶನಿವಾರದ ಫ್ಲೈಟಿಗೆ ಕಳಿಸ್ತೇನೆ. ಅವನು ಇಲ್ಲಿದ್ದರೆ ಇನ್ನೊಂದು ಗೇಟು ಹೋದೀತು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿರಾಜುದ್ದೀನ್ ಕಾರಿನ ಮೆಟ್ಟಿಲ ಮೇಲೆ ಕುಳಿತ. ಶಬ್ನಮಳ ಗಂಡ ಪಿಕಪ್ ತಂದು ಎಲ್ಲರ ಸಾಮಾನನ್ನೂ ಪಾತ್ರೆಯನ್ನೂ ಒಯ್ದ. ಹತ್ತು ನಿಮಿಷಕ್ಕೆ ಬೀಫಾತಿಮಾರ ಫೋನು ಬಂತು. ತಂಗಿ ಪಾತ್ರೆಯ ಮುಂದೆಯೇ ಕೂತು ತಿನ್ನುತ್ತಿದ್ದಾಳಂತೆ, ದುಆ ಮಾಡುತ್ತಿದ್ದಾಳಂತೆ.

“ಬೀಫಾತಿಮಾಕ್ಕ, ಮುಂದಿನ ಗುರುವಾರವೂ ಬರ್ತೇನೆ,” ಎಂದ ಅವನು. “ಸಾರು ಸ್ವಲ್ಪ ನೀರು ಮಾಡಿ. ಕಂಠದವರೆಗೆ ತುಂಬಿಸಿ. ಮುಚ್ಚಳ ಬೇಡ. ಚೆಲ್ಲಿದರೆ ಒಳ್ಳೆಯದೇ.”

“ಮುಚ್ಚಳ ಎಂತಕ್ಕೆ? ನಿಮ್ಮ ಕೈಯಲ್ಲಿ ಚೆಲ್ಲುದಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ಒಂಬತ್ತು ಪಾತ್ರೆ ಆಗ್ತದೆ. ತೊಂಬತ್ತು ಕೆ.ಜಿ. ಖಾಲಿ ಉಂಟಲ್ಲ, ರಹ್ಮಾನ್ ಕಾಕ ಹೇಳಿದ್ರು.”

ಅವನು ಫೋನ್ ಇಟ್ಟನೋ ಇಲ್ಲವೋ, ನಝೀಮನ ಕರೆ ಬಂತು. ಪಾಪ, ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. ನಿನ್ನ ಪಾಲಿನ ರಜೆ ನನಗೆ ಬಂತು ಎಂದು ತಡವರಿಸಿ ಹೇಳಿದ. ಆಮೇಲೆ ಸ್ವಲ್ಪ ಗೆಲುವಾಗಿ, “ನನ್ನ ಲಗೇಜಿನಲ್ಲಿ ಐದು ಕೆ.ಜಿ. ಖಾಲಿ ಉಂಟು ಮಾರಾಯ. ಮಗನಿಗೆ ಎಂತಾದರೂ ಕೊಡು, ಸುಮ್ಮನೆ ಖಾಲಿ ಯಾಕೆ ಹೋಗಬೇಕು?” ಎಂದ.

ತಾಯಿಫ್‌ನಲ್ಲಿ ಆಗಲೇ ತಣ್ಣನೆಯ ಗಾಳಿ ಬೀಸುತ್ತಿತ್ತು. ಮರಳುವ ದಾರಿಯಲ್ಲಿ ಸಿರಾಜುದ್ದೀನ್ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಒಂದು ದಪ್ಪನೆಯ ಟವೆಲ್ ಕೊಂಡ. ಚಳಿಗಾಲ ಬರುತ್ತಿದೆ, ಉಪ್ಪನಿಗೆ ಹೊದಿಸಲು ಅರ್ಕಮನಿಗೆ ಬೇಕಾಗುತ್ತದೆ.